ಓದುಗರ ಪ್ರಶ್ನೆ: ಸೆನ್ಸರ್ ಜಾಲದ ಕೀ ಯಾರ ಕೈಲಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ತೋಟದಲ್ಲೋ, ಗೋದಾಮಿನಲ್ಲೋ, ಮನೆಯಲ್ಲೋ ಬ್ಯಾಟರಿ ಹಾಕಿ ಕೂರಿಸುವ ವೈರ್‌ಲೆಸ್ ಸೆನ್ಸರ್ ನೋಡ್‌ಗಳು ಗಾಳಿಯಲ್ಲಿ ಮಾಹಿತಿ ಕಳಿಸುತ್ತವೆ. ಆ ಮಾಹಿತಿಯನ್ನು ಕಾಯುವ ಕೀ, ಅಂದರೆ ಗುಟ್ಟಿನ ಸಂಖ್ಯೆ, ಎಲ್ಲಿರುತ್ತದೆ, ಅದನ್ನು ಯಾರು ಕೊಡುತ್ತಾರೆ, ನೋಡ್ ಕಳೆದುಹೋದರೆ ಏನಾಗುತ್ತದೆ ಅನ್ನೋದು ಎಲ್ಲರ ಚಿಂತೆ. ಹಾಗಾಗಿ ಈ ಸಂಚಿಕೆಯ ಜಾಗವನ್ನು ಪೂರ್ತಿ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಲೋರಾ ಸೆನ್ಸರ್‌ಗಳನ್ನು ಹಾಕಿಸಿದ್ದೇವೆ. ಮೊನ್ನೆ ಎರಡು ನೋಡ್ ಕಳುವಾದವು. ಹಾಕಿಕೊಟ್ಟವರು, "128 ಬಿಟ್ ಎಇಎಸ್ ಇದೆ, ಯಾರೂ ಒಡೆಯೋಕಾಗಲ್ಲ, ಹೊಸದು ಎರಡು ತಗೊಳ್ಳಿ ಸಾಕು" ಅಂತಾರೆ. ನಂಬಬಹುದಾ?
(ಕಾಫಿ ಬೆಳೆಗಾರರು, ಸಕಲೇಶಪುರ)

ಉತ್ತರ: ಎಇಎಸ್ ಅಂದರೆ ಕೀ ಬಳಸಿ ಮಾಹಿತಿಯನ್ನು ಗುಟ್ಟಾಗಿಸುವ ಪದ್ಧತಿ, ಅದರ ಬಗ್ಗೆ ಅವರು ಹೇಳಿದ್ದು ನಿಜ. ಗಾಳಿಯಲ್ಲಿ ಹೋಗುವ ಸಂಕೇತವನ್ನು ಹಿಡಿದು, 128 ಬಿಟ್‌ನ ಕೀಯನ್ನು ಒಂದೊಂದಾಗಿ ಊಹಿಸಿ ಒಡೆಯುವುದು ಇವತ್ತಿನ ಯಾವ ಕಂಪ್ಯೂಟರಿನಿಂದಲೂ ಆಗದ ಕೆಲಸ. ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಕಳ್ಳನ ಕೈಗೆ ಸಿಕ್ಕಿರೋದು ಬರೀ ಸಂಕೇತವಲ್ಲ, ಕೀ ಇಟ್ಟುಕೊಂಡಿರುವ ನೋಡೇ ಸಿಕ್ಕಿದೆ. ಬೀಗ ಎಷ್ಟೇ ಗಟ್ಟಿ ಇದ್ದರೂ ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲೇ ಇಟ್ಟ ಹಾಗೆ.

ನೋಡ್ ಬಿಚ್ಚಿದರೆ ಒಳಗೆ ಒಂದು ಸಣ್ಣ ಬೋರ್ಡ್. ಅದರ ಅಂಚಿನಲ್ಲಿ ನಾಲ್ಕೋ ಐದೋ ಚಿಕ್ಕ ತಾಮ್ರದ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಫ್ಯಾಕ್ಟರಿಯಲ್ಲಿ ಪ್ರೋಗ್ರಾಂ ತುಂಬಲು, ತಪ್ಪು ಹುಡುಕಲು ಬಳಸುವ ಡೀಬಗ್ ಪೋರ್ಟ್ ಅದು. ಅದನ್ನು ಮುಚ್ಚದೆ ಬಿಟ್ಟಿದ್ದರೆ, ಅಗ್ಗದ ಒಂದು ಅಡಾಪ್ಟರ್ ಸಿಕ್ಕಿಸಿ ಚಿಪ್‌ನ ಮೆಮೊರಿಯನ್ನೆಲ್ಲ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಬಹುದು. ಇದು ಹೊಸ ಸುದ್ದಿಯೇನಲ್ಲ. 2005ರಲ್ಲೇ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಸಂಶೋಧಕರು, ಆಗ ಎಲ್ಲ ಲ್ಯಾಬ್‌ಗಳಲ್ಲೂ ಇದ್ದ ಮೈಕಾ2 ಅನ್ನುವ ನೋಡ್‌ನಿಂದ ಸುಲಭವಾಗಿ ಸಿಗುವ ಸಲಕರಣೆಗಳಲ್ಲೇ, ಕೆಲವೇ ನಿಮಿಷದಲ್ಲಿ ಹೀಗೆ ಮೆಮೊರಿ ತೆಗೆದು ತೋರಿಸಿದ್ದರು.

ಕದ್ದವರಿಗೆ ಬೇಕಿದ್ದದ್ದು ಬ್ಯಾಟರಿ ಮತ್ತು ಸೋಲಾರ್ ಪ್ಯಾನೆಲ್ ಇರಬಹುದು. ಹೆಚ್ಚಿನ ಸಲ ಅಷ್ಟೇ. ಆದರೂ ನೀವು ಮಾಡಬೇಕಾದ ಕೆಲಸ ಒಂದಿದೆ. ಹಾಕಿಕೊಟ್ಟವರಿಗೆ ಫೋನ್ ಮಾಡಿ, ಎಇಎಸ್ ಮಾತು ಬಿಟ್ಟು, ಇದನ್ನು ಕೇಳಿ: ಎಲ್ಲ ನೋಡ್‌ಗೂ ಒಂದೇ ಕೀ ಹಾಕಿದ್ದೀರಾ, ಪ್ರತಿಯೊಂದಕ್ಕೂ ಬೇರೆ ಬೇರೆ ಹಾಕಿದ್ದೀರಾ? ಲೋರಾ ಅನ್ನುವ ದೂರ ಹೋಗುವ ರೇಡಿಯೋದ ಜಾಲಕ್ಕೆ ಬಳಸುವ ಲೋರಾವ್ಯಾನ್ ಪದ್ಧತಿಯಲ್ಲಿ ಪ್ರತಿ ನೋಡ್‌ಗೂ ಅದರದೇ ಆದ ಮೂಲ ಕೀ ಇರಬೇಕು, ಅದಕ್ಕೆ ಆ್ಯಪ್‌ಕೀ ಅಂತಾರೆ. ಹಾಗೆ ಬೇರೆ ಬೇರೆ ಇದ್ದರೆ, ಕಳುವಾದ ಎರಡು ನೋಡ್‌ಗಳನ್ನು ಸರ್ವರ್‌ನಿಂದ ಅಳಿಸಿದರೆ ಮುಗಿಯಿತು, ಉಳಿದವಕ್ಕೆ ಏನೂ ಆಗಲ್ಲ. ಆದರೆ ಎಷ್ಟೋ ಕಡೆ ಕೆಲಸ ಬೇಗ ಮುಗಿಯಲಿ ಅಂತ ಒಂದೇ ಕೀಯನ್ನು ಪ್ರೋಗ್ರಾಂ ಒಳಗೆ ಬರೆದು, ಅದೇ ಪ್ರೋಗ್ರಾಂ ಅನ್ನು ನೂರು ನೋಡ್‌ಗೆ ತುಂಬಿ ಕಳಿಸುತ್ತಾರೆ. ನಿಮ್ಮದು ಹಾಗಿದ್ದರೆ ಎರಡು ಹೋದದ್ದಲ್ಲ, ಇಡೀ ತೋಟದ ಜಾಲ ಹೋಯಿತು ಅಂತಲೇ ಲೆಕ್ಕ. ಎಲ್ಲವಕ್ಕೂ ಹೊಸ ಕೀ ಹಾಕಿಕೊಡಲೇಬೇಕು, ಅದನ್ನು ಅವರ ಖರ್ಚಿನಲ್ಲೇ ಮಾಡಿಸಿ.

ಹೊಸ ನೋಡ್ ತಗೊಳ್ಳುವಾಗ ಡೀಬಗ್ ಪೋರ್ಟ್ ಮುಚ್ಚಿದೆಯಾ ಅಂತಲೂ ಕೇಳಿ. ಎಸ್‌ಟಿಎಂ32 ಮಾದರಿಯ ಚಿಪ್‌ಗಳಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ, ರೀಡೌಟ್ ಪ್ರೊಟೆಕ್ಷನ್ ಅಂತ. ಹೆಚ್ಚಿಗೆ ಕಾಸು ಬೀಳದ ಕೆಲಸ. ಆದರೂ ಅದನ್ನು ಆನ್ ಮಾಡದೆ ಮಾರುವವರಿದ್ದಾರೆ, ನನಗೆ ನಿಜಕ್ಕೂ ಸಿಟ್ಟು ಬರುವುದು ಅಲ್ಲಿ. ಇನ್ನೂ ಭದ್ರ ಬೇಕಾದರೆ ಕೀಯನ್ನೇ ಹೊರಗೆ ಬಿಡದ ಪ್ರತ್ಯೇಕ ಚಿಪ್‌ಗಳಿವೆ, ಸೆಕ್ಯೂರ್ ಎಲಿಮೆಂಟ್ ಅಂತಾರೆ. ನೋಡ್ ಆ ಚಿಪ್‌ಗೆ ಕೆಲಸ ಹೇಳಬಹುದು, ಕೀಯನ್ನು ಮಾತ್ರ ಓದೋಕಾಗಲ್ಲ.

ಪ್ರಶ್ನೆ: ಮಣ್ಣಿನ ತೇವ, ಗಾಳಿಯ ಬಿಸಿ, ಇದನ್ನೆಲ್ಲ ಕದ್ದು ಯಾರಿಗೆ ಏನು ಲಾಭ? ಗುಟ್ಟೇ ಇಲ್ಲದ ಮಾಹಿತಿಗೆ ಕೀ ಯಾಕೆ?
(ಶಾಲಾ ಶಿಕ್ಷಕರು, ಪಾವಗಡ)

ಉತ್ತರ: ನಿಮ್ಮ ತಾಲ್ಲೂಕಿನಿಂದಲೇ ಶುರು ಮಾಡೋಣ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್‌ನ ಇಪಿಎಫ್‌ಎಲ್ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಪಾವಗಡದ ಚೆನ್ನಕೇಶವಪುರದಲ್ಲಿ ಒಂದು ವೈರ್‌ಲೆಸ್ ಸೆನ್ಸರ್ ಜಾಲ ಹಾಕಿದ್ದವು. ಮಳೆ ನಂಬಿ ಬೇಸಾಯ ಮಾಡುವ ಸಣ್ಣ ರೈತರಿಗೆ ಮಣ್ಣಿನ ತೇವದ ಅಂಕಿಗಳಿಂದ ಏನಾದರೂ ಉಪಯೋಗ ಆಗುತ್ತದಾ ಅಂತ ನೋಡುವುದು ಅದರ ಉದ್ದೇಶ. ಅಲ್ಲಿನ ತೇವದ ಅಂಕಿ ಯಾರಾದರೂ ಕದ್ದು ಓದಿದರೆ ನಷ್ಟವೇನಿಲ್ಲ, ಒಪ್ಪಿದೆ.

ಆದರೆ ಕೀಗೆ ಎರಡು ಕೆಲಸ. ಒಂದು ಗುಟ್ಟು ಕಾಯೋದು. ಇನ್ನೊಂದು, ಈ ಅಂಕಿಯನ್ನು ನಿಜವಾಗಿ ನಮ್ಮ ನೋಡೇ ಕಳಿಸಿದ್ದು, ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ಖಾತ್ರಿ ಕೊಡೋದು. ಸೆನ್ಸರ್ ಜಾಲದಲ್ಲಿ ಎರಡನೆಯದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಲಯದವರು ಭೂಕುಸಿತದ ಮುನ್ಸೂಚನೆಗೆ ಗುಡ್ಡದ ಮೈಯಲ್ಲಿ ಸೆನ್ಸರ್ ಜಾಲ ಹಾಕಿದ್ದಾರೆ. ಅಂಥ ಕಡೆ ಸುಳ್ಳು ಅಂಕಿ ನುಗ್ಗಿದರೆ ಜನ ಸುಮ್ನೆ ಮನೆ ಬಿಟ್ಟು ಓಡಬೇಕಾಗುತ್ತದೆ. ಇಲ್ಲವೇ ಓಡಬೇಕಾದ ಹೊತ್ತಿನಲ್ಲಿ ಮನೆಯಲ್ಲೇ ಕೂತಿರುತ್ತಾರೆ.

ಆಜ್ಞೆಗಳ ಮಾತು ಇನ್ನೂ ಸೂಕ್ಷ್ಮ. ಕೇಂದ್ರದಿಂದ ಎಲ್ಲ ನೋಡ್‌ಗೂ ಒಟ್ಟಿಗೆ "ವಾಲ್ವ್ ತೆರೆ" ಅಂತ ಹೇಳಬೇಕು ಅಂದುಕೊಳ್ಳಿ. ಆಜ್ಞೆ ನಿಜವೋ ಸುಳ್ಳೋ ಪರೀಕ್ಷಿಸಲು ಎಲ್ಲ ನೋಡ್‌ಗೂ ಒಂದೇ ಕೀ ಕೊಟ್ಟರೆ, ಅದರಲ್ಲಿ ಯಾವುದೇ ಒಂದನ್ನು ಕದ್ದವನು ತಾನೇ ಕೇಂದ್ರ ಅಂತ ಆಜ್ಞೆ ಹೊರಡಿಸಬಹುದು. 2001ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ ಸ್ಪಿನ್ಸ್ ಅನ್ನುವ ವ್ಯವಸ್ಥೆಯಲ್ಲಿ ಇದಕ್ಕೆ ಚಂದದ ಪರಿಹಾರ ಇತ್ತು. ಕೇಂದ್ರ ಒಂದು ಕೀ ಆರಿಸಿಕೊಂಡು, ಅದನ್ನು ಹಿಂದಕ್ಕೆ ಹೋಗಲಾರದ ಒಂದು ಗಣಿತದ ಕ್ರಿಯೆಗೆ ಮತ್ತೆ ಮತ್ತೆ ಹಾಕಿ ಕೀಗಳ ಸರಪಳಿ ಮಾಡುತ್ತದೆ. ಸರಪಳಿಯ ಕಟ್ಟಕಡೆಗೆ ಬಂದದ್ದನ್ನು ಮಾತ್ರ ನೋಡ್‌ಗಳಿಗೆ ಮೊದಲೇ ಕೊಡುತ್ತದೆ, ಬಳಸುವಾಗ ಕೊನೆಯಿಂದ ಮೊದಲಿನ ಕಡೆಗೆ ಬರುತ್ತದೆ. ಈಗಿನ ಆಜ್ಞೆಗೆ ಮುದ್ರೆ ಒತ್ತುವುದು ಇನ್ನೂ ಯಾರಿಗೂ ತೋರಿಸದ ಕೀಯಿಂದ. ನೋಡ್ ಆಜ್ಞೆಯನ್ನು ಎತ್ತಿಟ್ಟುಕೊಂಡು ಕಾಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕೇಂದ್ರ ಆ ಕೀಯನ್ನು ಬಹಿರಂಗ ಮಾಡುತ್ತದೆ, ನೋಡ್ ಅದನ್ನು ಅದೇ ಕ್ರಿಯೆಗೆ ಹಾಕಿ, ತನ್ನ ಹತ್ತಿರ ಇರುವ ಹಳೆಯದಕ್ಕೆ ತಾಳೆಯಾದರೆ ಆಜ್ಞೆ ನಂಬುತ್ತದೆ. ಆ ಹೊತ್ತಿಗೆ ಕೀ ಎಲ್ಲರಿಗೂ ಗೊತ್ತಾಗಿದ್ದರೂ ತೊಂದರೆಯಿಲ್ಲ, ಅದರ ಕಾಲ ಮುಗಿದಿರುತ್ತದೆ. ಗಡಿಯಾರಗಳು ಸುಮಾರಾಗಿ ಹೊಂದಿಕೊಂಡಿರಬೇಕು, ಅದೊಂದೇ ಷರತ್ತು.

ಪ್ರಶ್ನೆ: ಕೊನೆ ವರ್ಷದ ಪ್ರಾಜೆಕ್ಟಿಗೆ "ರ‍್ಯಾಂಡಮ್ ಕೀ ಮುಂಗಡ ಹಂಚಿಕೆ" ತಗೊಂಡಿದ್ದೇವೆ. ಹತ್ತು ಸಾವಿರ ಕೀಗಳಲ್ಲಿ ನೂರಕ್ಕೂ ಕಡಿಮೆ ಕೊಟ್ಟರೆ ಎರಡು ನೋಡ್‌ಗೆ ಒಂದಾದರೂ ಸಮಾನ ಕೀ ಸಿಗುವ ಸಾಧ್ಯತೆ ಅರ್ಧದಷ್ಟು ಅಂತಾರೆ. ಹೇಗೆ ಅಂತ ಅರ್ಥವಾಗುತ್ತಿಲ್ಲ.
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಒಳ್ಳೆ ವಿಷಯ ಆರಿಸಿಕೊಂಡಿದ್ದೀಯಮ್ಮ. 2002ರಲ್ಲಿ ಎಶೆನಾವರ್ ಮತ್ತು ಗ್ಲಿಗೋರ್ ಬರೆದ ಪ್ರಬಂಧದಿಂದ ಇದು ಶುರುವಾಯಿತು.

ಅವರ ಮುಂದಿದ್ದ ತೊಡಕು ಏನು ಅಂತ ಮೊದಲು ನೋಡು. 1000 ನೋಡ್‌ಗಳನ್ನು ಎಲ್ಲೋ ಚೆಲ್ಲುತ್ತೀರಿ, ಯಾವುದರ ಪಕ್ಕ ಯಾವುದು ಬೀಳುತ್ತದೆ ಅಂತ ಮೊದಲೇ ಗೊತ್ತಿಲ್ಲ. ಎಲ್ಲಕ್ಕೂ ಒಂದೇ ಕೀ ಕೊಟ್ಟರೆ ಒಂದು ಸಿಕ್ಕಿಬಿದ್ದಾಗ ಎಲ್ಲ ಹೋಯಿತು. ಪ್ರತಿ ಜೋಡಿಗೂ ಬೇರೆ ಕೀ ಅಂದರೆ ಪ್ರತಿ ನೋಡ್ 999 ಕೀ ಹೊರಬೇಕು. 16 ಬೈಟ್‌ನಂತೆ 15,984 ಬೈಟ್. ಆಗಿನ ಮೈಕಾ2ರಲ್ಲಿ ರ‍್ಯಾಮ್ ಇದ್ದದ್ದೇ 4 ಕಿಲೋಬೈಟ್. ಫ್ಲ್ಯಾಶ್‌ನಲ್ಲಿ ಇಡಬಹುದು ಅಂದರೂ, ಆಮೇಲೆ ಹೊಸ ನೋಡ್ ಸೇರಿಸಬೇಕಾದರೆ ಹಳೆಯ ಎಲ್ಲಕ್ಕೂ ಅದರ ಕೀ ಮುಟ್ಟಿಸಬೇಕು.

ಅವರು ಹಿಡಿದ ದಾರಿ ಹೀಗೆ. 10,000 ಕೀಗಳ ಒಂದು ರಾಶಿ. ಪ್ರತಿ ನೋಡ್ ಹೊರಡುವ ಮುಂಚೆ ಆ ರಾಶಿಯಿಂದ ಕಣ್ಣುಮುಚ್ಚಿ 83 ಎತ್ತಿಕೊಳ್ಳಲಿ. ಈಗ ಲೆಕ್ಕ. ನನ್ನ ಕೈಲಿ 83 ಇವೆ. ನೀನು ಎತ್ತುವ ಒಂದು ಕೀ ನನ್ನದರಲ್ಲಿ ಇಲ್ಲದಿರುವ ಸಾಧ್ಯತೆ 10,000ಕ್ಕೆ 9,917, ಅಂದರೆ 0.9917. ಇದೊಂದೇ ನೋಡಿದರೆ ಸಮಾನ ಕೀ ಸಿಗೋದೇ ಇಲ್ಲ ಅನ್ನಿಸುತ್ತದೆ. ಆದರೆ ನೀನು 83 ಸಲ ಎತ್ತುತ್ತೀಯ. 0.9917 ಅನ್ನು 83 ಸಲ ಗುಣಿಸು, ಸುಮಾರು 0.5 ಬರುತ್ತದೆ. ಒಂದೂ ಹೊಂದದಿರುವ ಸಾಧ್ಯತೆ ಅರ್ಧ ಅಂದಮೇಲೆ ಒಂದಾದರೂ ಹೊಂದುವುದು ಉಳಿದ ಅರ್ಧ. ಎತ್ತಿದ್ದನ್ನು ವಾಪಸ್ ಹಾಕಲ್ಲ ಅನ್ನೋದನ್ನು ಸೇರಿಸಿ ಸರಿಯಾಗಿ ಮಾಡಿದರೆ ಕೊನೆಯ ಅಂಕೆಯಲ್ಲಿ ಚೂರು ವ್ಯತ್ಯಾಸ ಬರುತ್ತದೆ, ವರದಿಯಲ್ಲಿ ಆ ಸೂತ್ರವನ್ನೇ ಹಾಕು. 83ರ ಬದಲು 150 ಕೊಟ್ಟರೆ ಸಾಧ್ಯತೆ ಶೇ. 90ಕ್ಕೆ ಏರುತ್ತದೆ.

ಅರ್ಧ ಸಾಕಾ ಅಂತ ಕೇಳಬಹುದು. ಸಾಕು, ಯಾಕೆಂದರೆ ಪ್ರತಿ ನೋಡ್‌ಗೂ ಅಕ್ಕಪಕ್ಕ ಹತ್ತಿಪ್ಪತ್ತು ನೋಡ್ ಇರುತ್ತವೆ. ಇವನ ಜೊತೆ ಸಮಾನ ಕೀ ಇಲ್ಲದಿದ್ದರೆ, ಇಬ್ಬರಿಗೂ ಸಮಾನ ಕೀ ಇರುವ ಮೂರನೆಯವನ ಮೂಲಕ ಹೊಸ ಕೀ ಕಳಿಸಿಕೊಳ್ಳಬಹುದು.

ನಿಮ್ಮ ಪ್ರಾಜೆಕ್ಟಿನ ಜೀವಾಳ ಮಾತ್ರ ಮುಂದಿನ ಪ್ರಶ್ನೆ. ಹೆಚ್ಚಿನ ಪ್ರಾಜೆಕ್ಟ್ ವರದಿಗಳು ಅದನ್ನು ಮುಟ್ಟೋದೇ ಇಲ್ಲ: ಹತ್ತು ನೋಡ್ ಕಳ್ಳನ ಕೈಗೆ ಸಿಕ್ಕರೆ, ಅವನ ಕೈಗೆ ಸಿಗದ ನೋಡ್‌ಗಳ ನಡುವಿನ ಮಾತು ಎಷ್ಟು ಬಯಲಾಗುತ್ತದೆ? ಯಾವುದೋ ಇಬ್ಬರು ಬಳಸುತ್ತಿರುವ ಕೀ, ಕಳುವಾದ ಒಂದು ನೋಡ್‌ನಲ್ಲಿ ಇಲ್ಲದಿರುವ ಸಾಧ್ಯತೆ 0.9917. ಹತ್ತು ನೋಡ್ ಅಂದರೆ ಅದರ ಹತ್ತನೇ ಘಾತ, ಸುಮಾರು 0.92. ಅಂದರೆ ಶೇ. 8ರಷ್ಟು ಕೊಂಡಿಗಳು ಹೋದವು. ಐವತ್ತು ಸಿಕ್ಕರೆ ಶೇ. 34. ಇನ್ನೊಂದು ಕೊರತೆಯೂ ಇದೆ: ಅದೇ ಕೀ ಬೇರೆ ಯಾರ ಹತ್ತಿರವೂ ಇರಬಹುದಾದ್ದರಿಂದ, ಮಾತಾಡುತ್ತಿರುವವನು ಯಾರು ಅಂತ ಖಾತ್ರಿಯಿಲ್ಲ. ಇಂಥ ಕೊರತೆಗಳನ್ನು ಸರಿಪಡಿಸಲು 2003ರಲ್ಲಿ ಚಾನ್, ಪೆರಿಗ್ ಮತ್ತು ಸಾಂಗ್ ತೋರಿಸಿದ ದಾರಿಗಳಲ್ಲಿ ಎರಡು ಹೀಗಿವೆ. ಒಂದರ ಬದಲು ಹಲವು ಸಮಾನ ಕೀ ಇದ್ದರೆ ಮಾತ್ರ ಅವನ್ನೆಲ್ಲ ಬೆರೆಸಿ ಬಳಸುವುದು, ಅಥವಾ ರಾಶಿಯನ್ನೇ ಬಿಟ್ಟು ಕೆಲವು ಜೋಡಿಗಳಿಗೆ ಮಾತ್ರ ಅವರದೇ ಕೀ ಕೊಡುವುದು. ಮೊದಲನೆಯದರಲ್ಲಿ ಸ್ವಲ್ಪ ನೋಡ್ ಹೋದಾಗ ರಕ್ಷಣೆ ಜಾಸ್ತಿ, ತುಂಬಾ ಹೋದಾಗ ಹಳೆಯದಕ್ಕಿಂತ ಕಡೆ. ಹಳೆಯದರ ಗೆರೆ, ಇದರ ಗೆರೆ ಎಲ್ಲಿ ಒಂದನ್ನೊಂದು ದಾಟುತ್ತವೆ ಅಂತ ನೀವೇ ಸಿಮ್ಯುಲೇಟ್ ಮಾಡಿ ಗ್ರಾಫ್ ಹಾಕಿ. ಪರೀಕ್ಷಕರು ಏನೇ ಕೇಳಿದರೂ ಉತ್ತರ ನಿಮ್ಮ ಕೈಲಿರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಕಸರತ್ತು ಯಾಕೆ? ಬ್ರೌಸರಿನಲ್ಲಿ ಮಾಡುವಂತೆ ಪಬ್ಲಿಕ್ ಕೀ ಬಳಸಿದರೆ ಆಗಲ್ವಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಪಬ್ಲಿಕ್ ಕೀ ಅಂದರೆ ಎಲ್ಲರಿಗೂ ತೋರಿಸುವ ಒಂದು ಕೀ, ತನ್ನಲ್ಲೇ ಇಟ್ಟುಕೊಳ್ಳುವ ಒಂದು ಖಾಸಗಿ ಕೀ, ಹೀಗೆ ಜೋಡಿ. ಈಗ ಅದು ಆಗುತ್ತದೆ. ಮೇಲಿನ ಪದ್ಧತಿಗಳು ಬಂದ ಹೊತ್ತಿನಲ್ಲಿ ಆಗುವುದಿಲ್ಲ ಅಂತ ಹೆಚ್ಚಿನವರು ನಂಬಿದ್ದರು. 2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಸಂಶೋಧಕರು 8 ಬಿಟ್‌ನ ಎಟಿಮೆಗಾ128 ಚಿಪ್ ಮೇಲೆ ಅಳೆದು ನೋಡಿದರು. 8 ಮೆಗಾಹರ್ಟ್ಸ್ ವೇಗದಲ್ಲಿ, ಹಳೆಯ ಪಬ್ಲಿಕ್ ಕೀ ಪದ್ಧತಿಯಾದ 1024 ಬಿಟ್ ಆರ್‌ಎಸ್‌ಎಯ ಖಾಸಗಿ ಕೀ ಲೆಕ್ಕಕ್ಕೆ ಸುಮಾರು 11 ಸೆಕೆಂಡ್ ಹಿಡಿಯಿತು. ಭದ್ರತೆಯಲ್ಲಿ ಅದಕ್ಕೆ ಸಮನಾದ, ಇನ್ನೊಂದು ಪಬ್ಲಿಕ್ ಕೀ ಪದ್ಧತಿಯಾದ 160 ಬಿಟ್ ಎಲಿಪ್ಟಿಕ್ ಕರ್ವ್ ಲೆಕ್ಕ 0.81 ಸೆಕೆಂಡಿನಲ್ಲೇ ಮುಗಿಯಿತು. ಅಲ್ಲಿಂದ ಗಾಳಿ ದಿಕ್ಕು ಬದಲಾಯಿಸಿತು.

ಉಳಿದ ತೊಡಕು ಚಿಪ್‌ನದ್ದಲ್ಲ, ರೇಡಿಯೋದ್ದು. ಸಣ್ಣ ನೋಡ್‌ಗಳು ಬಳಸುವ 802.15.4 ಮಾನದಂಡದ ರೇಡಿಯೋದಲ್ಲಿ ಒಂದು ಫ್ರೇಮ್, ಅಂದರೆ ಒಂದು ಸಲಕ್ಕೆ ಕಳಿಸುವ ತುಂಡು, ಹೆಚ್ಚೆಂದರೆ 127 ಬೈಟ್. ವೆಬ್‌ಗೆ ಬಳಸುವ ಸರ್ಟಿಫಿಕೇಟ್ ಒಂದೇ ಅದರ ಹಲವು ಪಟ್ಟು ದೊಡ್ಡದು, ಚೂರು ಚೂರು ಮಾಡಿ ಕಳಿಸಬೇಕು, ಪ್ರತಿ ಚೂರಿಗೂ ಬ್ಯಾಟರಿ ಕರಗುತ್ತದೆ. ಅದಕ್ಕೇ ಸಣ್ಣ ಸಾಧನಗಳಿಗೆ ಅಂತಲೇ ಎಡ್‌ಹಾಕ್ ಅನ್ನುವ ಕೀ ಒಪ್ಪಂದದ ಪದ್ಧತಿ ಮಾಡಿದ್ದಾರೆ, 2024ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 9528 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಬಂತು. ಮೂರು ಸಂದೇಶದಲ್ಲಿ ಕೆಲಸ ಮುಗಿಯುತ್ತದೆ. ಹೊಸದಾಗಿ ಕಟ್ಟುತ್ತಿದ್ದೀರಿ, ಚಿಪ್ 32 ಬಿಟ್‌ನದ್ದು ಅಂದರೆ ಇದರಿಂದ ಶುರು ಮಾಡಿ.

ಪ್ರಶ್ನೆ: ಮನೆಗೆ ಜಿಗ್ಬೀ ಬಲ್ಬ್, ಬಾಗಿಲಿನ ಸೆನ್ಸರ್ ಹಾಕಿಸಿದ್ದೇವೆ. ಜಿಗ್ಬೀ ಕೀ ಎಲ್ಲರಿಗೂ ಗೊತ್ತಿದೆ ಅಂತ ಮಗ ಹೇಳ್ತಾನೆ. ನಿಜವೇ?
(ಗೃಹಿಣಿ, ಮೈಸೂರು)

ಉತ್ತರ: ಮಗ ಹೇಳಿದ್ದು ಅರ್ಧ ನಿಜ. ಜಿಗ್ಬೀ ಅಂದರೆ ಮನೆಯ ಸಣ್ಣ ಸಾಧನಗಳು ಮಾತಾಡಿಕೊಳ್ಳುವ ರೇಡಿಯೋ ಪದ್ಧತಿ. ಹೊಸ ಸಾಧನ ಸೇರುವಾಗ ಮನೆಯ ಜಾಲದ ಕೀಯನ್ನು ಗಾಳಿಯಲ್ಲೇ ಅದಕ್ಕೆ ಕಳಿಸಬೇಕು. ಆ ಕೀಗೆ ಹೊದಿಸಲು ಬಳಸುವ ಇನ್ನೊಂದು ಕೀ ಎಲ್ಲ ಕಂಪನಿಗೂ ಒಂದೇ, ಪ್ರಪಂಚಕ್ಕೆಲ್ಲ ಗೊತ್ತು. ಇಂಗ್ಲಿಷ್ ಅಕ್ಷರದಲ್ಲಿ ಜಿಗ್ಬೀಅಲಯನ್ಸ್ ಅಂತ ಬರೆದು ಕೊನೆಗೆ 09 ಸೇರಿಸಿದರೆ ಸರಿಯಾಗಿ 16 ಅಕ್ಷರ, ಅಂದರೆ 128 ಬಿಟ್. ಹಾಗಾಗಿ ನೀವು ಸಾಧನ ಸೇರಿಸುವ ಆ ಕೆಲವು ಕ್ಷಣ ಯಾರಾದರೂ ಹತ್ತಿರದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರೆ ಜಾಲದ ಕೀ ಅವರಿಗೆ ಸಿಗುತ್ತದೆ. ಬೇರೆ ಹೊತ್ತಿನಲ್ಲಿ ಸಾಮಾನ್ಯವಾಗಿ ಹೀಗೆ ಸಿಗುವುದಿಲ್ಲ. ಜಿಗ್ಬೀ 3.0 ಸಾಧನಗಳಲ್ಲಿ ಇನ್‌ಸ್ಟಾಲ್ ಕೋಡ್ ಬಳಸುವ ಅನುಕೂಲ ಇದೆ, ಸ್ಟಿಕ್ಕರಿನ ಮೇಲೆ ಅಚ್ಚಾಗಿರುತ್ತದೆ, ಪ್ರತಿ ಸಾಧನಕ್ಕೂ ಬೇರೆ. ಬಾಗಿಲಿನ ಸೆನ್ಸರ್‌ಗೆ ಆ ಕೋಡ್ ಇದ್ದರೆ ಅದರಿಂದಲೇ ಸೇರಿಸಿ. ಹೊಸ ಸಾಧನ ಸೇರಿಸುವ ಸೆಟ್ಟಿಂಗನ್ನು ಸುಮ್ನೆ ಆನ್ ಇಡಬೇಡಿ.

ಎಲ್ಲಕ್ಕೂ ಒಂದೇ ಕೀ ಇಟ್ಟರೆ ಏನಾಗುತ್ತದೆ ಅಂತ ಮಗನಿಗೆ ತೋರಿಸಬೇಕಾದರೆ ಫಿಲಿಪ್ಸ್ ಹ್ಯೂ ಬಲ್ಬಿನ ಕಥೆ ಹೇಳಿ. ಅದರ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಇದ್ದ ಒಂದೇ ಸಮಾನ ಕೀಯನ್ನು, ಚಿಪ್ ಎಳೆಯುವ ವಿದ್ಯುತ್ತಿನ ಏರಿಳಿತ ಅಳೆದೇ 2016ರಲ್ಲಿ ಸಂಶೋಧಕರು ಹೊರತೆಗೆದರು. ಬಲ್ಬಿನಿಂದ ಬಲ್ಬಿಗೆ ಹರಡುವ ವೈರಸ್ ಮಾಡಬಹುದು ಅಂತ ತೋರಿಸಿದರು. ಆ ತಂಡದಲ್ಲಿ ಆರ್‌ಎಸ್‌ಎ ಪದ್ಧತಿ ರೂಪಿಸಿದ ಮೂವರಲ್ಲಿ ಒಬ್ಬರಾದ ಆದಿ ಶಮೀರ್ ಕೂಡ ಇದ್ದರು. ಕಂಪನಿಗೆ ಮೊದಲೇ ತಿಳಿಸಿದ್ದರಿಂದ ದೋಷವನ್ನು ಸರಿಪಡಿಸಿದರು.

ಪ್ರಶ್ನೆ: ಲೋರಾ ನೋಡ್‌ಗೆ ಬ್ಯಾಟರಿ ಬದಲಿಸಿದ ಮೇಲೆ ಸರ್ವರ್ ಅದರ ಡೇಟಾ ತಗೊಳ್ಳುತ್ತಿಲ್ಲ. ಫ್ರೇಮ್ ಕೌಂಟರ್ ಚೆಕ್ ಆಫ್ ಮಾಡಿ ಅಂತ ಡೀಲರ್ ಹೇಳಿದರು. ಮಾಡಿದೆ, ಸರಿಹೋಯಿತು. ಹೀಗೇ ಬಿಡಬಹುದಾ?
(ಹನಿ ನೀರಾವರಿ ತಂತ್ರಜ್ಞರು, ರಾಯಚೂರು)

ಉತ್ತರ: ದಯವಿಟ್ಟು ಬಿಡಬೇಡಿ, ಇವತ್ತೇ ಆನ್ ಮಾಡಿ. ಸರ್ವರ್ ಕೆಟ್ಟಿರಲಿಲ್ಲ, ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು.

ನಿಮ್ಮ ನೋಡ್, ಕೀಗಳನ್ನು ಮೊದಲೇ ತುಂಬಿಡುವ ಎಬಿಪಿ ಕ್ರಮದಲ್ಲಿದೆ ಅನ್ನಿಸುತ್ತದೆ. ಅದರಲ್ಲಿ ಸಂದೇಶ ಕಾಯುವ ಸೆಷನ್ ಕೀಗಳನ್ನು ಒಂದು ಸಲ ಬರೆದಿಟ್ಟರೆ ಯಾವತ್ತೂ ಬದಲಾಗಲ್ಲ. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ, ಅದೇ ಫ್ರೇಮ್ ಕೌಂಟರ್. ಹಳೆಯ ಸಂಖ್ಯೆ ಮತ್ತೆ ಬಂದರೆ ಸರ್ವರ್ ತಳ್ಳಿಹಾಕುತ್ತದೆ. ಬ್ಯಾಟರಿ ತೆಗೆದಾಗ ನಿಮ್ಮ ನೋಡ್ ಅದನ್ನು ಮರೆತು ಮತ್ತೆ ಸೊನ್ನೆಯಿಂದ ಶುರು ಮಾಡಿದೆ. ಈಗ ಚೆಕ್ ಆಫ್ ಮಾಡಿರೋದರಿಂದ, ಯಾರಾದರೂ ಮಳೆಗಾಲದಲ್ಲಿ "ಮಣ್ಣು ಒದ್ದೆ" ಅನ್ನುವ ಸಂದೇಶವನ್ನು ಹಿಡಿದಿಟ್ಟು, ಬೇಸಿಗೆಯಲ್ಲಿ ಹಾಗೇ ವಾಪಸ್ ಬಿಟ್ಟರೆ ಸರ್ವರ್ ನಂಬುತ್ತದೆ. ಮೋಟಾರ್ ಶುರುವಾಗಲ್ಲ, ಬೆಳೆ ಒಣಗುತ್ತದೆ. ಅವನಿಗೆ ಕೀ ಬೇಕಾಗಿಯೇ ಇಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ. ಲೋರಾವ್ಯಾನ್‌ನಲ್ಲಿ ಕೀ ಮತ್ತು ಕ್ರಮಸಂಖ್ಯೆ ಸೇರಿ ಬಿಟ್‌ಗಳ ಒಂದು ಸಾಲು ಹುಟ್ಟುತ್ತದೆ, ನಿಮ್ಮ ಅಂಕಿಯನ್ನು ಅದರ ಜೊತೆ ಎಕ್ಸಾರ್ ಮಾಡಿ (ಬಿಟ್‌ಗೆ ಬಿಟ್ ಹೋಲಿಸಿ, ಬೇರೆ ಇದ್ದರೆ 1, ಒಂದೇ ಇದ್ದರೆ 0 ಬರೆದು) ಕಳಿಸುತ್ತಾರೆ. ಕೀ ಅದೇ, ಸಂಖ್ಯೆಯೂ ಅದೇ ಆದರೆ ಸಾಲೂ ಅದೇ. ಹಾಗೆ ಹೋದ ಎರಡು ಸಂದೇಶ ಹಿಡಿದು ಒಂದಕ್ಕೊಂದು ಎಕ್ಸಾರ್ ಮಾಡಿದರೆ ಆ ಗುಟ್ಟಿನ ಸಾಲು ಮಾಯವಾಗಿ, ಬರೀ ನಿಮ್ಮ ಎರಡು ಅಂಕಿಗಳ ಎಕ್ಸಾರ್ ಉಳಿಯುತ್ತದೆ. ಒಂದು ದಿನ ತಾಪ 31, ಇನ್ನೊಂದು ದಿನ 34 ಅಂದುಕೊಳ್ಳಿ. ಉಳಿಯುವುದು 61. ಮೊದಲ ದಿನ 31 ಡಿಗ್ರಿ ಇತ್ತು ಅಂತ ಹವಾಮಾನ ವರದಿಯಿಂದ ತಿಳಿದವನು 61ನ್ನು 31ರ ಜೊತೆ ಎಕ್ಸಾರ್ ಮಾಡಿದರೆ 34 ಅವನ ಕೈಲಿ. ಎಇಎಸ್ ಒಡೆಯಲೇ ಇಲ್ಲ, ಗುಟ್ಟು ಮಾತ್ರ ಹೋಯಿತು.

ದಾರಿ ಸುಲಭ ಇದೆ. ನೋಡ್‌ಗೆ ಗಾಳಿಯಲ್ಲೇ ಜಾಲಕ್ಕೆ ಸೇರಿಕೊಳ್ಳುವ ಓಟಿಎಎ ಕ್ರಮ ಬರುತ್ತದಾ ನೋಡಿ, ಈಗಿನ ಹೆಚ್ಚಿನವಕ್ಕೆ ಬರುತ್ತದೆ. ಅದರಲ್ಲಿ ಪ್ರತಿ ಸಲ ಜಾಲಕ್ಕೆ ಸೇರುವಾಗ ಹೊಸ ಸೆಷನ್ ಕೀ ಹುಟ್ಟುತ್ತದೆ, ಕೌಂಟರ್ ಸೊನ್ನೆಯಾದರೂ ಕೀ ಬೇರೆ ಇರುವುದರಿಂದ ತೊಂದರೆಯಿಲ್ಲ. ಎಬಿಪಿಯಲ್ಲೇ ಇರಬೇಕು ಅಂದರೆ, ಬ್ಯಾಟರಿ ತೆಗೆದರೂ ಅಳಿಯದ ಮೆಮೊರಿಯಲ್ಲಿ ಕೌಂಟರ್ ಬರೆದಿಡುವ ಫರ್ಮ್‌ವೇರ್ ಕೇಳಿ. ಈಗಾಗಲೇ ಸೊನ್ನೆಗೆ ಹೋದ ನೋಡ್‌ಗೆ ಹೊಸ ಕೀ ಹಾಕಿ.

ಪ್ರಶ್ನೆ: ಕೋಲ್ಡ್ ಸ್ಟೋರೇಜ್‌ನಲ್ಲಿ ನೋಡ್‌ಗಳು ಒಂದಕ್ಕೊಂದು ಮಾತಾಡಿ ಡೇಟಾ ದಾಟಿಸುತ್ತವೆ. ಒಂದು ಕಳೆದರೆ ಅದನ್ನು ಹೊರಗಿಟ್ಟು ಉಳಿದವಕ್ಕೆ ಹೊಸ ಕೀ ಮುಟ್ಟಿಸೋದು ಹೇಗೆ?
(ಮ್ಯಾನೇಜರ್, ಹುಬ್ಬಳ್ಳಿ)

ಉತ್ತರ: ಎಲ್ಲಕ್ಕೂ ಒಂದೇ ಕೀ ಇದ್ದರೆ ಆಗುವುದಿಲ್ಲ. ಹೊಸ ಕೀಯನ್ನು ಹಳೆಯ ಕೀಯಲ್ಲೇ ಮುಚ್ಚಿ ಕಳಿಸಬೇಕಾಗುತ್ತದೆ, ಕದ್ದವನೂ ತೆರೆದು ಓದುತ್ತಾನೆ. ಹಂತ ಹಂತದ ಕೀಗಳು ಬೇಕಾಗುವುದು ಇದಕ್ಕೇ. 2003ರಲ್ಲಿ ಝು, ಸೇಟಿಯಾ ಮತ್ತು ಜಜೋಡಿಯಾ ಮಾಡಿದ ಲೀಪ್ ಅನ್ನುವ ಪದ್ಧತಿಯಲ್ಲಿ ಪ್ರತಿ ನೋಡ್ ನಾಲ್ಕು ತರಹದ ಕೀ ಇಟ್ಟುಕೊಳ್ಳುತ್ತದೆ: ಕೇಂದ್ರದ ಜೊತೆ ಒಂದು, ಪಕ್ಕದ ಪ್ರತಿ ನೋಡ್ ಜೊತೆ ಬೇರೆ ಬೇರೆ, ತನ್ನ ನೆರೆಯವರಿಗೆಲ್ಲ ಸೇರಿ ಒಂದು, ಇಡೀ ಜಾಲಕ್ಕೆ ಒಂದು. ನೋಡ್ ಕಳೆದಾಗ ಅದರ ನೆರೆಯವರು ಮೊದಲು ತಮ್ಮ ಗುಂಪಿನ ಕೀಯನ್ನು ಬದಲಿಸಿ, ಉಳಿದವರಿಗೆ ಜೋಡಿ ಕೀಯಲ್ಲಿ ಮುಚ್ಚಿ ಕೊಡುತ್ತಾರೆ. ಆಮೇಲೆ ಇಡೀ ಜಾಲದ ಹೊಸ ಕೀ ಅದೇ ದಾರಿಯಲ್ಲಿ ಹರಿಯುತ್ತದೆ. ಕಳುವಾದ ನೋಡ್ ಹೊರಗೇ ಉಳಿಯುತ್ತದೆ.

ಜೋಡಿ ಕೀಗಳನ್ನು ಹುಟ್ಟಿಸಲು ಲೀಪ್ ಪ್ರತಿ ನೋಡ್‌ಗೂ ಮೊದಲು ಒಂದು ಸಮಾನ ಕೀ ಕೊಡುತ್ತದೆ, ನೆರೆಯವರನ್ನು ಗುರುತು ಹಿಡಿದ ಕೂಡಲೇ ನೋಡ್ ಅದನ್ನು ಅಳಿಸಿಹಾಕುತ್ತದೆ. ಆ ಸಣ್ಣ ಅವಧಿಯೊಳಗೆ ನೋಡ್ ಸಿಕ್ಕಿಬಿದ್ದರೆ ಎಲ್ಲ ಹೋಯಿತು. ಗೋಡೌನಿನ ಒಳಗೆ, ನಿಮ್ಮವರೇ ಎದುರಿಗೆ ನಿಂತು ಹಾಕಿಸುವ ಕಡೆ ಈ ಭಯ ಕಡಿಮೆ.

ಪುಸ್ತಕದಲ್ಲಿ ಸಿಗದ ಒಂದು ಮಾತು ಕೊನೆಗೆ. ಹಾಕಿಕೊಟ್ಟವರು ಎಲ್ಲ ನೋಡ್‌ಗಳ ಕೀಗಳನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸುವುದು ನಮ್ಮಲ್ಲಿ ಮಾಮೂಲಿಯಾಗಿದೆ. ನಿಮಗೂ ಹಾಗೇ ಬಂದಿದ್ದರೆ ಆ ಕೀಗಳು ಹೋದವು ಅಂತಲೇ ತಿಳಿಯಿರಿ, ಬದಲಿಸಲು ಹೇಳಿ. ಹೊಸ ಹಾಳೆಯಲ್ಲಿ ನೋಡ್‌ನ ನಂಬರ್, ಅದು ಇರುವ ಜಾಗ, ಹಾಕಿದ ತಾರೀಖು ಇಷ್ಟೇ ಇರಲಿ. ಕೀ ಸರ್ವರ್‌ನಲ್ಲಿ ಇದ್ದರೆ ಸಾಕು, ಅದನ್ನು ನೋಡುವ ಪಾಸ್‌ವರ್ಡ್ ನಿಮ್ಮಲ್ಲಿ ಇಬ್ಬರ ಹತ್ತಿರ ಮಾತ್ರ ಇರಲಿ.